ನೆಲಾನೇ ಡೊಂಕಿದ್ರೆ ಕುಣಿಯೋದು ಹೇಗೆ: 20 ಸಾವಿರದೊಳಗೆ ಒಂದು ಒಳ್ಳೇ ಅಕೌಸ್ಟಿಕ್ ಗಿಟಾರ್ ಆರಿಸೋದು

ಹೋದ ತಿಂಗ್ಳು ನಮ್ಮ ಚಿಕ್ಕಮ್ಮನ ಮಗಳು ತೀರ್ಥಹಳ್ಳಿಯಿಂದ ಫೋನ್ ಮಾಡಿ "ಅಣ್ಣಾ, 20 ಸಾವಿರ ಕೂಡಿಟ್ಟಿದೀನಿ, ಒಂದು ಒಳ್ಳೇ ಗಿಟಾರ್ ಹೆಸ್ರು ಹೇಳು, ಈಗ್ಲೇ ಆರ್ಡರ್ ಹಾಕ್ತೀನಿ" ಅಂದ್ಲು. ಹೆಸ್ರು ಹೇಳೋದು ಅರ್ಧ ನಿಮಿಷದ ಕೆಲ್ಸ ಮಾರಾಯ್ರೆ. ಆದ್ರೆ ಅದೇ ಕಂಪನಿ, ಅದೇ ಮಾಡೆಲ್ಲು, ಅದೇ ರೇಟಿನ ಎರಡು ಗಿಟಾರ್ ಅಕ್ಕಪಕ್ಕ ಇಟ್ಕೊಂಡು ನುಡಿಸಿ ನೋಡಿ, ಒಂದು ಬೆಣ್ಣೆ ಥರ ಇರತ್ತೆ, ಇನ್ನೊಂದು ಬೆರಳು ಕೊಯ್ಯತ್ತೆ. ಅದಕ್ಕೇ ಹೆಸ್ರು ಹೇಳದೆ ಒಂದು ಗಂಟೆ ತಲೆ ತಿಂದೆ ಅವ್ಳದ್ದು. ಆ ಒಂದು ಗಂಟೆ ಮಾತನ್ನೇ ಇಲ್ಲಿ ಬರೀತಿದೀನಿ, ಇನ್ಯಾರಿಗಾದ್ರೂ ಬೇಕಾಗ್ಬೋದು ಅಂತ.

ಮೊದ್ಲು ನನ್ನ ಕಥೆ ಸ್ವಲ್ಪ ಕೇಳ್ಬಿಡಿ. ಕಾಲೇಜಲ್ಲಿದ್ದಾಗ ನಾನು ತಗೊಂಡ ಮೊದಲ್ನೇ ಗಿಟಾರು 3500 ರೂಪಾಯಿದು, ಕಪ್ಪು ಬಣ್ಣ, ಮುಖ ಕಾಣ್ಸೋ ಅಷ್ಟು ಪಾಲಿಶು, ಅಂಗಡಿಯವ್ರು ಬೆಲ್ಟು ಬ್ಯಾಗು ಎಲ್ಲಾ ಫ್ರೀ ಕೊಟ್ರು, ನಾನು ರಾಜನ ಥರ ಎತ್ಕೊಂಡು ಬಂದೆ. ಆಮೇಲೆ ಎಂಟು ತಿಂಗ್ಳು ಎಫ್ ಕಾರ್ಡ್ (ಒಂದೇ ಬೆರಳನ್ನ ಅಡ್ಡ ಇಟ್ಟು ಎಲ್ಲಾ ತಂತಿ ಒತ್ತಿ ಹಿಡಿಯೋ ಸ್ವರಗುಚ್ಛ) ಹಿಡಿಯೋಕೆ ಒದ್ದಾಡಿದ್ದೇ ಒದ್ದಾಡಿದ್ದು, ಬೆರಳ ತುದೀಲಿ ಗೆರೆ ಬಿದ್ದು ಸಿಪ್ಪೆ ಸುಲೀತು, "ನಂಗೆ ಇದು ಹಣೆಬರಹದಲ್ಲಿಲ್ಲ" ಅಂತ ಅಟ್ಟಕ್ಕೆ ಹಾಕ್ದೆ. ಎರಡು ವರ್ಷ ಆದ್ಮೇಲೆ ರೂಮ್‌ಮೇಟಿನ ಗಿಟಾರ್ ಸುಮ್ನೆ ಕೈಗೆ ತಗೊಂಡು ಎಫ್ ಹಿಡಿದ್ರೆ ಅದು ಹಾಗೇ ಬಂದ್ಬಿಡ್ತು! ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ ಅಂತ ಗಾದೆ ಇದ್ಯಲ್ಲ, ಗಿಟಾರ್ ವಿಷ್ಯದಲ್ಲಿ ಎಷ್ಟೋ ಸಲ ನೆಲ ನಿಜವಾಗ್ಲೂ ಡೊಂಕೇ ಇರತ್ತೆ, ಕುಣಿಯೋಳು ಪಾಪ ತನ್ನ ಕಾಲನ್ನೇ ಬೈಕೋತಾ ಕೂತಿರ್ತಾಳೆ. ನನ್ನ ಆ ಕಪ್ಪು ಗಿಟಾರಲ್ಲಿ ತಂತಿಗೂ ಫ್ರೆಟ್ಟಿಗೂ (ಗಿಟಾರಿನ ಕತ್ತಿನ ಮೇಲಿರೋ ಅಡ್ಡ ಲೋಹದ ಪಟ್ಟಿ) ಮಧ್ಯೆ ಪೆನ್ಸಿಲ್ ತೂರಿಸ್ಬೋದಿತ್ತು, ಸುಳ್ಳಲ್ಲ.

ಈಗ ದುಡ್ಡಿನ ಮಾತು. 20 ಸಾವಿರ ಇದೆ ಅಂದ್ರೆ 20 ಸಾವಿರದ ಗಿಟಾರ್ ತಗೋಬೇಡಿ. ಎಲ್ರೂ ಮಾಡೋ ತಪ್ಪು ಇದೇನೇ. ಗಿಟಾರಿಗೆ 16, ತುಂಬಾ ಅಂದ್ರೆ 17 ಇಟ್ಕೊಳ್ಳಿ. ಮಿಕ್ಕಿದ್ರಲ್ಲಿ ಸೆಟಪ್‌ಗೆ ಒಂದೂವರೆ ಸಾವಿರದವರೆಗೆ, ಹೊಸಾ ತಂತಿ ಸೆಟ್ಟಿಗೆ 600-800, ಸ್ವಲ್ಪ ದಪ್ಪ ಪ್ಯಾಡಿಂಗ್ ಇರೋ ಬ್ಯಾಗು, ಒಂದು ಕೇಪೋ (ಕತ್ತಿಗೆ ಸಿಕ್ಕಿಸಿ ಶ್ರುತಿ ಏರಿಸೋ ಕ್ಲಿಪ್ಪು), ತಂತಿ ಮೀಟೋಕೆ ನಾಕು ಪಿಕ್ಕು. ಶ್ರುತಿ ಸರಿ ಇದ್ಯಾ ತೋರ್ಸೋ ಟ್ಯೂನರ್‌ಗೆ ಫೋನಲ್ಲಿ ಆ್ಯಪ್ ಇದೆ, ಫ್ರೀ, ಆದ್ರೆ ಮನೇಲಿ ಮಿಕ್ಸಿ ಓಡ್ತಿದ್ರೆ ಅದಕ್ಕೆ ತಲೆ ಕೆಡತ್ತೆ, ಗಿಟಾರಿನ ತಲೆಗೆ ಸಿಕ್ಕಿಸೋ ಕ್ಲಿಪ್ ಟ್ಯೂನರ್ ಮರದ ಕಂಪನ ಹಿಡಿಯೋದ್ರಿಂದ ಆ ತಾಪತ್ರಯ ಇಲ್ಲ, ತಗೊಂಡ್ರೆ ಒಳ್ಳೇದು. ಸೆಟಪ್ ಮಾಡ್ಸಿದ 16 ಸಾವಿರದ ಗಿಟಾರು ಸೆಟಪ್ ಮಾಡಿಸ್ದೇ ಇರೋ 25 ಸಾವಿರದ ಗಿಟಾರಿಗಿಂತ ಕೈಗೆ ಹಿತವಾಗಿರತ್ತೆ, ಇದು ನಾನು ಬೆಟ್ ಕಟ್ಟಿ ಹೇಳ್ತೀನಿ.

ಸೆಟಪ್ ಅಂದ್ರೆ ಏನು ಅಂತ ಕೇಳ್ತೀರಾ. ನೆಕ್ (ಗಿಟಾರಿನ ಉದ್ದ ಕತ್ತು) ಒಳಗೆ ಒಂದು ಕಬ್ಬಿಣದ ಸರಳು ಇರತ್ತೆ, ಟ್ರಸ್ ರಾಡ್ ಅಂತ, ಅದನ್ನ ಆ್ಯಲನ್ ಕೀಲೀಲಿ ಸ್ವಲ್ಪ ಸ್ವಲ್ಪ ತಿರುಗ್ಸಿ ನೆಕ್ಕಿನ ಬಾಗು ಸರಿ ಮಾಡ್ತಾರೆ, ಮೇಲ್ಗಡೆ ತಲೆ ಹತ್ರ ತಂತಿ ಕೂರೋ ನಟ್ ಅನ್ನೋ ಪಟ್ಟಿಯ ಜಾಡುಗಳನ್ನ ಅರ ಹಾಕಿ ಉಜ್ಜಿ ಆಳ ಮಾಡ್ತಾರೆ, ಕೆಳಗಡೆ ಸ್ಯಾಡಲ್ ಅನ್ನೋ ಬಿಳೀ ಪಟ್ಟೀನ ಉಜ್ಜಿ ತಗ್ಗಿಸ್ತಾರೆ, ಕೊನೇಗೆ ಹೊಸ ತಂತಿ ಹಾಕ್ತಾರೆ. ಫ್ಯಾಕ್ಟ್ರಿಯಿಂದ ಬರೋ ಗಿಟಾರಲ್ಲಿ ತಂತೀನ ಸಾಮಾನ್ಯವಾಗಿ ಸ್ವಲ್ಪ ಎತ್ತರಾನೇ ಬಿಟ್ಟಿರ್ತಾರೆ, ಯಾಕಂದ್ರೆ ಎತ್ತರ ಇದ್ರೆ ಉಜ್ಜಿ ಇಳಿಸ್ಬೋದು, ಕಡ್ಮೆ ಇದ್ರೆ ಬಝ್ ಬಝ್ ಅಂತ ಸದ್ದು ಬಂದು ಗಿರಾಕಿ ವಾಪಸ್ ತರ್ತಾನೆ.

ಮರದ ವಿಷ್ಯಕ್ಕೆ ಬರೋಣ, ಮೋಸ ಹೋಗೋದು ಜಾಸ್ತಿ ಇಲ್ಲೇ. ಗಿಟಾರಿನ ಸದ್ದಿನ ಬಹುಪಾಲು ಕೆಲ್ಸ ಮಾಡೋದು ಮುಂದಿನ ಹಲಗೆ, ಟಾಪ್ ಅಂತಾರೆ. ಅದು ಒಂದೇ ಮರದ ಹಲಗೆ ಆಗಿದ್ರೆ ಸಾಲಿಡ್ ಟಾಪ್ (ನಡುವೆ ಎರಡು ಹೋಳು ಅಂಟ್ಸಿರ್ತಾರೆ, ಅದು ಲೆಕ್ಕಕ್ಕಿಲ್ಲ). ತೆಳ್ಳಗಿನ ಪದರ ಪದರ ಅಂಟ್ಸಿದ್ದಾದ್ರೆ ಲ್ಯಾಮಿನೇಟ್, ಅಂದ್ರೆ ಪ್ಲೈವುಡ್ಡೇ. ಹಲಸಿನ ಮರದ ವೀಣೆಗೂ, ಪ್ಲೈವುಡ್ಡಲ್ಲಿ ವೀಣೆ ಥರ ಮಾಡಿದ್ದಕ್ಕೂ ಎಷ್ಟು ವ್ಯತ್ಯಾಸ ಇರತ್ತೆ ಅಂತ ಯೋಚ್ನೆ ಮಾಡಿ, ಅಷ್ಟೇ. ಪದರಗಳನ್ನ ಒಂದರ ಮೇಲೊಂದು ಅಡ್ಡಡ್ಡ ಅಂಟ್ಸಿರೋದ್ರಿಂದ ಪ್ಲೈ ಬಿಗಿಯಾಗಿರತ್ತೆ, ಸುಲಭಕ್ಕೆ ಬಾಗಲ್ಲ, ಬಿರುಕು ಬಿಡಲ್ಲ, ಅದೇ ಕಾರಣಕ್ಕೆ ಸರಿಯಾಗಿ ಅಲುಗಾಡೋದೂ ಇಲ್ಲ. ಸಾಲಿಡ್ ಟಾಪು ತಂತಿ ಮುಟ್ಟಿದ ತಕ್ಷಣ ಎದೆಗೆ ತಾಗೋ ಹಾಗೆ ನಡುಗತ್ತೆ, ವರ್ಷ ಕಳೆದಂಗೆ ಇನ್ನೂ ಬಿಚ್ಕೊಳ್ಳತ್ತೆ ಅಂತ ಹಳಬರು ಹೇಳ್ತಾರೆ, ನಂಗೂ ಹಾಗೇ ಅನ್ಸಿದೆ.

ಇದ್ರಲ್ಲಿ ಮೋಸ ಎಲ್ಲಿ ಅಂದ್ರೆ, ಡಬ್ಬದ ಮೇಲೆ "ಸ್ಪ್ರೂಸ್ ಟಾಪ್" (ಸ್ಪ್ರೂಸ್ ಅಂದ್ರೆ ಒಂದು ಮರ) ಅಂತ ಬರ್ದಿರ್ತಾರೆ, "ಸೆಲೆಕ್ಟ್ ಸ್ಪ್ರೂಸ್" ಅಂತ ಇನ್ನೂ ಸ್ಟೈಲಾಗಿ ಬರೀತಾರೆ. ಸಾಲಿಡ್ ಅನ್ನೋ ಪದ ಇಲ್ಲ ಅಂದ್ರೆ ಅದು ಪ್ಲೈ ಅಂತಾನೇ ತಿಳ್ಕೊಳ್ಳಿ, ಯಾವ ಕಂಪನೀನೂ ಸಾಲಿಡ್ ಹಾಕಿ ಅದನ್ನ ಹೇಳ್ದೆ ಸುಮ್ನೆ ಇರಲ್ಲ. ಕಣ್ಣಲ್ಲೇ ನೋಡೋದೂ ಸುಲಭ. ನಡುವಿನ ತೂತು ಇದ್ಯಲ್ಲ, ಸೌಂಡ್ ಹೋಲ್, ಅದರ ಅಂಚನ್ನ ಫೋನ್ ಟಾರ್ಚ್ ಹಾಕಿ ನೋಡಿ. ಮೇಲೆ ಕಾಣೋ ಮರದ ಗೆರೆ ಅಂಚಲ್ಲಿ ಹಾಗೇ ಕೆಳಗಿಳಿದು ಒಳಗೂ ಮುಂದುವರಿದ್ರೆ ಸಾಲಿಡ್. ಸ್ಯಾಂಡ್‌ವಿಚ್ ಥರ ಅಡ್ಡ ಪದರ ಕಂಡ್ರೆ, ಅಥ್ವಾ ಅಂಚಿಗೆ ದಪ್ಪಗೆ ಕಪ್ಪು ಬಣ್ಣ ಬಳಿದು ಏನೂ ಕಾಣ್ದಂಗೆ ಮಾಡಿದ್ರೆ, ಅನುಮಾನ ಪಡಿ. ಹಂಗಂತ ಹತ್ತು ಸಾವಿರದೊಳಗೆ ಸಾಲಿಡ್ ಹುಡುಕ್ತಾ ಕೂರ್ಬೇಡಿ, ಆ ರೇಟಲ್ಲಿ ಒಳ್ಳೇ ಹೆಸರಿನ ಕಂಪನಿ ಅಚ್ಚುಕಟ್ಟಾಗಿ ಮಾಡಿದ ಲ್ಯಾಮಿನೇಟೇ ಮೇಲು. ಸಾಲಿಡ್ ಅಂತ ಹೇಳಿ ಮಿಕ್ಕ ಕಡೆ ಎಲ್ಲಾ ದುಡ್ಡು ಉಳಿಸಿದ ಗಿಟಾರು ನೆಕ್ಕಲ್ಲೋ ತಂತಿ ಬಿಗಿಯೋ ಕಿವಿಗಳಲ್ಲೋ ಕೈ ಕೊಡತ್ತೆ.

ಹಿಂದೆ ಮತ್ತೆ ಪಕ್ಕದ ಮರಕ್ಕೆ ಈ ಬಜೆಟ್ಟಲ್ಲಿ ತಲೆ ಕೆಡಿಸ್ಕೋಬೇಡಿ, ಹೆಚ್ಚುಕಮ್ಮಿ ಎಲ್ಲಾ ಲ್ಯಾಮಿನೇಟೇ. ಮಹಾಗನಿ ಆದ್ರೂ ನಾಟೋ ಅನ್ನೋ ಮರ ಆದ್ರೂ ವ್ಯತ್ಯಾಸ ಕಮ್ಮಿ. ರೋಸ್‌ವುಡ್ ಅಂತ ಬರ್ದಿದ್ರೂ ಮೇಲಿನ ಒಂದು ಕಾಗದದಷ್ಟು ಪದರ ಇರ್ಬೋದು ಅಷ್ಟೇ. ನಮ್ಮ ಮಲ್ನಾಡಿನೋರಿಗೆ ಇದೊಂದು ತಮಾಷೆ, ಪ್ರಪಂಚದ ಗಿಟಾರಿನೋರು ಹೆಚ್ಚು ದುಡ್ಡು ಕೊಟ್ಟು ತಗೊಳ್ಳೋ ಇಂಡಿಯನ್ ರೋಸ್‌ವುಡ್ ಅಂದ್ರೆ ನಮ್ಮ ಬೀಟೆ ಮರ, ಅಜ್ಜನ ಮನೆ ಮಂಚ ಅದ್ರದ್ದೇ. ಬ್ರೆಜಿಲ್ಲಿನ ರೋಸ್‌ವುಡ್ ಸಿಗೋದು ಕಷ್ಟ ಆದಾಗ, 1969ರಲ್ಲಿ, ಅಮೆರಿಕದ ಮಾರ್ಟಿನ್ ಕಂಪನಿ ಈ ಮರಕ್ಕೆ ತಿರುಗ್ತು. 2017ರ ಜನವರಿಯಿಂದ ರೋಸ್‌ವುಡ್ ಜಾತಿಯ ಮರ ಗಡಿ ದಾಟ್ಬೇಕಂದ್ರೆ ಸೈಟೀಸ್ ಅನ್ನೋ, ಅಳಿವಿನಂಚಿನ ಗಿಡ ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪರ್ಮಿಟ್ ಬೇಕು ಅಂತಾಯ್ತು, ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯ್ತಿ ಸಿಕ್ತು, ಅಷ್ಟರಲ್ಲಿ ಸುಮಾರು ಕಂಪನಿಗಳು ಫ್ರೆಟ್‌ಬೋರ್ಡಿಗೆ (ಫ್ರೆಟ್ಟುಗಳು ಕೂರೋ ಹಲಗೆ) ವಾಲ್ನಟ್ಟು, ಲಾರೆಲ್ಲು ಅಂತ ಬದ್ಲಾಯಿಸ್ಕೊಂಡಿದ್ವು. ಈ ಇಂಡಿಯನ್ ಲಾರೆಲ್ ಯಾವ್ದು ಗೊತ್ತಾ, ನಮ್ಮ ಮತ್ತಿ ಮರ. ಅದಕ್ಕೇ ಫ್ರೆಟ್‌ಬೋರ್ಡ್ ರೋಸ್‌ವುಡ್ ಅಲ್ಲ ಅಂತ ಯಾರಾದ್ರೂ ಮೂಗು ಮುರಿದ್ರೆ ಕೇಳ್ಬೇಡಿ, ಮತ್ತಿ ಮರದ ತೊಲೆ ಹೊತ್ತು ನಿಂತಿರೋ ಮನೆ ನೋಡಿದೋರಿಗೆ ಅದರ ಗಟ್ಟಿತನ ಗೊತ್ತು.

ಅಂಗಡಿಗೆ ಹೋಗೋಣ ಈಗ. ಬೆಂಗ್ಳೂರಲ್ಲಿರೋರು ಬಳೇಪೇಟೆ ಕಡೆ ಹೋದ್ರೆ ವೀಣೆ, ಮೃದಂಗ, ಹಾರ್ಮೋನಿಯಂ ನಡುವೆ ಗಿಟಾರೂ ಸಿಗತ್ತೆ, ದೊಡ್ಡ ಬ್ರ್ಯಾಂಡುಗಳ ಶೋರೂಮುಗಳು ಬೇರೆ ಕಡೆ ಇವೆ. ಎಲ್ಲೇ ಹೋಗಿ, ವಾರದ ನಡುವೆ ಬೆಳಿಗ್ಗೆ ಹೋಗಿ. ಭಾನುವಾರ ಸಂಜೆ ಹೋದ್ರೆ ನಾಕು ಹುಡುಗ್ರು ಒಂದೇ ಸಲ ನಾಕು ಹಾಡು ಬಾರಿಸ್ತಿರ್ತಾರೆ, ನಿಮ್ಮ ಗಿಟಾರ್ ಸದ್ದು ನಿಮಗೇ ಕೇಳಲ್ಲ. ಜೇಬಲ್ಲಿ ಮೂರ್ನಾಕು ಹಳೇ ಎಟಿಎಂ ಕಾರ್ಡು, ಒಂದು ತೆಳ್ಳನೆ ಕಾಗದ, ಫೋನು. ಇಷ್ಟೇ ಸಲಕರಣೆ.

ಮೊದ್ಲು ಗಿಟಾರನ್ನ ಟ್ಯೂನ್ ಮಾಡ್ಸಿ, ಸಡ್ಲ ತಂತೀಲಿ ಏನು ನೋಡಿದ್ರೂ ಸುಳ್ಳು ಲೆಕ್ಕ. ಆಮೇಲೆ ಬಂದೂಕಲ್ಲಿ ಗುರಿ ಇಟ್ಟಂಗೆ ತಲೆ ಕಡೆಯಿಂದ ನೆಕ್ ಉದ್ದಕ್ಕೂ ಕಣ್ಣು ಹಾಯಿಸಿ, ತಿರುಚಿಕೊಂಡಿದ್ರೆ ಅಂದ್ರೆ ಒಂದು ಅಂಚು ಮೇಲೆ ಒಂದು ಅಂಚು ಕೆಳಗೆ ಹೋಗಿದ್ರೆ ಆ ಗಿಟಾರ್ ಅಲ್ಲೇ ಇಟ್ಬಿಡಿ, ಬಾಗು ಇದ್ರೆ ಸರಳು ತಿರುಗ್ಸಿ ಸರಿ ಮಾಡ್ಬೋದು ಆದ್ರೆ ತಿರುಚಿದ್ದನ್ನ ಸರಿ ಮಾಡೋದು ಈ ರೇಟಿನ ಗಿಟಾರಿಗೆ ಆಗದ ಹೋಗದ ಮಾತು. ಬಾಗು ನೋಡೋದು ಹೀಗೆ, ದಪ್ಪ ತಂತೀನ ಒಂದ್ನೇ ಫ್ರೆಟ್ಟಲ್ಲಿ ಎಡಗೈಲಿ ಒತ್ತಿ, ಹದಿನಾಲ್ಕನೇ ಫ್ರೆಟ್ಟಲ್ಲಿ ಬಲಗೈ ಕಿರುಬೆರಳಲ್ಲಿ ಒತ್ತಿ, ನಡುವೆ ಏಳನೇ ಫ್ರೆಟ್ ಹತ್ರ ಹೆಬ್ಬೆರಳಲ್ಲಿ ತಂತೀನ ಮೆಲ್ಲಗೆ ಕುಟ್ಟಿ ನೋಡಿ. ಒಂದೆರಡು ಹಾಳೆ ದಪ್ಪದಷ್ಟು ಗ್ಯಾಪ್ ಇದ್ದು ಟಿಕ್ ಟಿಕ್ ಅಂದ್ರೆ ಆರೋಗ್ಯವಾಗಿದೆ. ತಂತಿ ಅಂಟ್ಕೊಂಡೇ ಇದ್ರೆ ನೆಕ್ ಹಿಂದಕ್ಕೆ ಬಾಗಿರ್ಬೋದು, ಅಗಲವಾಗಿ ಗ್ಯಾಪ್ ಇದ್ರೆ ಮುಂದಕ್ಕೆ.

ಈಗ ಎಟಿಎಂ ಕಾರ್ಡು. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್, ಎಲ್ಲಾ ಬ್ಯಾಂಕಿಂದೂ ಒಂದೇ. ಉಬ್ಬು ಅಕ್ಷರ ಇಲ್ದಿರೋ ಕಾರ್ಡ್ ತಗೊಂಡು ಮೂರನ್ನ ಒಟ್ಟಿಗೆ ಹಿಡಿದು ಹನ್ನೆರಡನೇ ಫ್ರೆಟ್ಟಿನ ಮೇಲೆ, ದಪ್ಪ ತಂತಿ ಕೆಳಗೆ ತೂರಿಸಿ. ಮೂರು ಕಾರ್ಡು ತಂತೀನ ಎತ್ತದೆ ಸಲೀಸಾಗಿ ಕೂತ್ರೆ ಹೆಚ್ಚುಕಮ್ಮಿ ಎರಡೂಕಾಲು ಮಿಲಿಮೀಟರ್, ಒಳ್ಳೇ ಎತ್ತರ. ನಾಕು ಹೋದ್ರೆ ಸೆಟಪ್ಪಲ್ಲಿ ಇಳಿಸ್ಕೋಬೋದು. ಐದೂ ನುಗ್ಗಿದ್ರೆ, ಅದು ನನ್ನ ಹಳೇ ಕಪ್ಪು ಗಿಟಾರಿನ ತಮ್ಮ. ಆದ್ರೂ ಬೇಕು ಅನ್ಸಿದ್ರೆ ಸ್ಯಾಡಲ್ ನೋಡಿ, ಬ್ರಿಡ್ಜಿಂದ (ಟಾಪಿಗೆ ಅಂಟ್ಸಿರೋ, ತಂತಿ ಕಟ್ಟೋ ಮರದ ತುಂಡು) ಮೇಲೆ ಎಷ್ಟು ಎದ್ದಿದೆ ಅಂತ. ಸ್ಯಾಡಲ್ ಒಂದು ಮಿಲಿಮೀಟರ್ ಉಜ್ಜಿದ್ರೆ ಹನ್ನೆರಡನೇ ಫ್ರೆಟ್ಟಲ್ಲಿ ಅರ್ಧ ಮಿಲಿಮೀಟರ್ ಇಳಿಯತ್ತೆ, ಅಂದ್ರೆ ಉಜ್ಜೋಕೆ ಅಲ್ಲಿ ಮಾಂಸ ಇರ್ಬೇಕು. ಸ್ಯಾಡಲ್ ಆಗ್ಲೇ ನೆಲ ಕಚ್ಚಿದೆ, ತಂತಿ ಮಾತ್ರ ಆಕಾಶದಲ್ಲಿದೆ ಅಂದ್ರೆ ನೆಕ್ಕಿನ ಕೋನಾನೇ ಹೋಗಿದೆ ಅಂತ ಅರ್ಥ, ನೆಕ್ ಬಿಚ್ಚಿ ಕೂರ್ಸೋ ಖರ್ಚು ಈ ರೇಟಿನ ಗಿಟಾರಿಗೆ ಲಾಭ ಇಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಈ ಒಂದನ್ನ ಮರೀಬಾರ್ದು.

ಆಮೇಲೆ ಸ್ವಲ್ಪ ಬೋರಿನ ಕೆಲ್ಸ. ಆರೂ ತಂತಿ, ಒಂದ್ನೇ ಫ್ರೆಟ್ಟಿಂದ ಹನ್ನೆರಡರವರೆಗೆ ಒಂದೊಂದೇ ಒತ್ತಿ ಮೀಟಿ. ಎಪ್ಪತ್ತೆರಡು ಸದ್ದು, ಐದು ನಿಮಿಷ ಹಿಡಿಯತ್ತೆ, ಅಂಗಡಿಯವ್ರು ಮುಖ ನೋಡ್ತಾರೆ, ನೋಡ್ಲಿ. ಎಲ್ಲೋ ಒಂದು ಕಡೆ ಮಾತ್ರ ಝರ್ ಅಂದ್ರೆ ಅದರ ಮುಂದಿನ ಫ್ರೆಟ್ ಎದ್ದಿರ್ಬೋದು. ಹನ್ನೆರಡನೇ ಫ್ರೆಟ್ ಒತ್ತಿ ಟ್ಯೂನರ್ ನೋಡಿ, ಆಮೇಲೆ ಅದೇ ಜಾಗದಲ್ಲಿ ತಂತೀನ ಒತ್ತದೆ ಸುಮ್ನೆ ಮುಟ್ಟಿ ಗಂಟೆ ಥರ ಸದ್ದು ತೆಗೀರಿ, ಎರಡೂ ಒಂದೇ ಸ್ವರ ತೋರಿಸ್ಬೇಕು, ಇಲ್ಲಾಂದ್ರೆ ಕೆಳಗೆ ಶ್ರುತಿ ಸೇರಿದ್ದು ಮೇಲೆ ಹೋದಂಗೆ ಅಪಶ್ರುತಿ, ಸಂಗೀತ ಕಲ್ತ ಅಮ್ಮಂದಿರಿರೋ ಮನೇಲಿ ಬೈಗುಳ ಗ್ಯಾರಂಟಿ. ಎಫ್ ಕಾರ್ಡ್ ಹಿಡಿಯೋಕೆ ಬಂದ್ರೆ ಹಿಡೀರಿ, ಅದು ಐದನೇ ಫ್ರೆಟ್ಟಲ್ಲಿ ಅದೇ ಆಕಾರ ಹಿಡಿಯೋದಕ್ಕಿಂತ ವಿಪರೀತ ಕಷ್ಟ ಅನ್ಸಿದ್ರೆ ನಟ್ ಎತ್ತರ ಇದೆ, ಅದೇನು ದೊಡ್ಡ ರೋಗ ಅಲ್ಲ, ಸೆಟಪ್ಪಲ್ಲಿ ಹೋಗತ್ತೆ. ನೆಕ್ಕಿನ ಎರಡೂ ಅಂಚಿಗೆ ಕೈ ಸವರಿ, ಫ್ರೆಟ್ಟಿನ ತುದಿ ಗರಗಸದಂಗೆ ಚುಚ್ಬಾರ್ದು. ಕಿವಿ ತಿರುಗ್ಸಿದ್ರೆ, ಅದೇ ಟ್ಯೂನರ್ ಕೀಲಿ, ಗಟ್ಟಿ ಬೆಣ್ಣೆ ಕಲಸಿದಂಗೆ ಒಂದೇ ಸಮ ತಿರುಗ್ಬೇಕು, ನಡುವೆ ಕುಲುಕೋದು ಜಾರೋದು ಇರ್ಬಾರ್ದು. ಬ್ರಿಡ್ಜಿನ ಹಿಂದಿನ ಅಂಚಲ್ಲಿ ಆ ತೆಳ್ಳನೆ ಕಾಗದ ತೂರಿಸಿ ನೋಡಿ, ಒಳಗೆ ಹೋದ್ರೆ ಬ್ರಿಡ್ಜ್ ಏಳ್ತಾ ಇದೆ, ಬೇಡ. ಲೈಟ್ ಗೇಜ್ ಅಂದ್ರೆ ತೆಳು ತಂತಿ ಆರೂ ಸೇರಿ ಸುಮಾರು 70 ಕೆಜಿ ಎಳೀತಿರ್ತವೆ, ಒಬ್ಬ ದೊಡ್ಡ ಮನುಷ್ಯ ಹಗಲು ರಾತ್ರಿ ಆ ಬ್ರಿಡ್ಜ್ ಹಿಡ್ಕೊಂಡು ನೇತಾಡ್ತಿದ್ದಂಗೆ. ಫೋನನ್ನ ತೂತಿನ ಹತ್ರ ಹಿಡಿದು ಒಳಗಡೆ ಒಂದು ಫೋಟೋ ತೆಗೀರಿ, ಒಳಗಿನ ಪಟ್ಟಿಗಳು ಬಿಟ್ಕೊಂಡಿದ್ಯಾ, ಅಂಟು ಸುರಿದಿದ್ಯಾ, ಎಲ್ಲಾ ಕಾಣತ್ತೆ, ಮಾಡೆಲ್ ಚೀಟೀನೂ ಅಲ್ಲೇ ಇರತ್ತೆ, ಬಿಲ್ಲಿಗೆ ಹೊಂದಿಸಿ ನೋಡ್ಕೊಳ್ಳಿ.

ಇಷ್ಟೆಲ್ಲಾ ಆದ್ಮೇಲೇನೇ ಸದ್ದು ಕೇಳೋದು. ಮೊದ್ಲೇ ಸದ್ದಿಗೆ ಮರುಳಾದ್ರೆ ದೋಷ ಕಣ್ಣಿಗೆ ಬೀಳಲ್ಲ, ಹುಡುಗಿ ನೋಡೋಕೆ ಹೋದೋನು ಉಪ್ಪಿಟ್ಟು ಚೆನ್ನಾಗಿದೆ ಅಂತ ಒಪ್ಕೊಂಡಂಗೆ ಆಗತ್ತೆ. ನುಡಿಸೋನಿಗಿಂತ ಎದುರು ಕೂತೋನಿಗೆ ಗಿಟಾರ್ ಸದ್ದು ಚೆನ್ನಾಗಿ ಕೇಳತ್ತೆ, ಯಾಕಂದ್ರೆ ತೂತು ಆ ಕಡೆ ಮುಖ ಮಾಡಿರತ್ತೆ. ಅದ್ರಿಂದ ಜೊತೆಗೆ ಬಂದೋರ ಕೈಲೋ ಅಂಗಡಿಯವ್ರ ಕೈಲೋ ನುಡಿಸ್ಸಿ ಕೇಳಿ, ಯಾರೂ ಇಲ್ಲ ಅಂದ್ರೆ ಗೋಡೆಗೆ ಮುಖ ಮಾಡಿ ಕೂತು ನುಡ್ಸಿ. ಒಂದು ತಂತಿ ಮೀಟಿ ಬಿಟ್ಟು ಎಷ್ಟು ಹೊತ್ತು ಉಳಿಯತ್ತೆ ಎಣಿಸಿ. ಜೋರಾಗಿ ಬಾರ್ಸಿ, ಆಮೇಲೆ ತೀರಾ ಮೆಲ್ಲಗೆ ನುಡ್ಸಿ, ಮೆಲ್ಲಗೆ ನುಡಿಸಿದಾಗ್ಲೂ ಸದ್ದಿಗೆ ಜೀವ ಇದ್ರೆ ಅದೇ ಒಳ್ಳೇ ಟಾಪಿನ ಗುರುತು. ಒಂದು ಎಚ್ಚರಿಕೆ, ಶೋರೂಮಲ್ಲಿ ತೂಗ್ಹಾಕಿದ ಗಿಟಾರ್‌ಗಳ ತಂತಿ ನೂರು ಜನರ ಬೆವರು ಕುಡಿದು ಸತ್ತಿರ್ತವೆ, ಎರಡು ಗಿಟಾರ್ ಹೋಲಿಸುವಾಗ ಒಂದ್ರದ್ದು ಹೊಸ ತಂತಿ ಒಂದ್ರದ್ದು ತುಕ್ಕು ತಂತಿ ಆದ್ರೆ ನ್ಯಾಯ ಆಗಲ್ಲ.

ಸೈಜು. ಎಲ್ರೂ ಡ್ರೆಡ್‌ನಾಟ್ ತಗೋತಾರೆ, ಆ ಅಗಲ ಸೊಂಟದ ದೊಡ್ಡ ಗಿಟಾರು, ಮಾರ್ಟಿನ್ ಕಂಪನಿ 1916ರಲ್ಲಿ ಶುರು ಮಾಡಿದ ಆಕಾರ, ಬ್ರಿಟಿಷರ ಯುದ್ಧ ಹಡಗಿನ ಹೆಸ್ರು ಇಟ್ರು. ಹೆಸರಿಗೆ ತಕ್ಕಂಗೆ ಜೋರು ಸದ್ದು, ಬಾರಿಸ್ಕೊಂಡು ಹಾಡೋದಕ್ಕೆ ಭೇಷು. ಆದ್ರೆ ಕುಳ್ಳಗಿರೋರಿಗೆ, ಸಣ್ಣ ಮೈಯೋರಿಗೆ ಬಲಗೈ ಭುಜ ಎತ್ತಿ ಎತ್ತಿ ನೋವು ಬರತ್ತೆ. ಕನ್ಸರ್ಟ್, ಆಡಿಟೋರಿಯಂ ಅಂತ ಸಣ್ಣ ಸೊಂಟದ ಆಕಾರಗಳಿವೆ, ಬೆರಳಲ್ಲಿ ಒಂದೊಂದೇ ತಂತಿ ಮೀಟಿ ಭಾವಗೀತೆ ಥರ ನುಡಿಸೋರಿಗೆ ನನ್ನ ಪ್ರಕಾರ ಅದೇ ಚೆಂದ. ಯಮಾಹಾದಲ್ಲಿ ಎಫ್‌ಜಿ ಅಂದ್ರೆ ದೊಡ್ಡದು, ಎಫ್ಎಸ್ ಅಂದ್ರೆ ಸಣ್ಣದು, ಎಫ್ಎಸ್800ರಲ್ಲಿ ತಂತಿಯ ಉದ್ದಾನೂ 650ರ ಬದ್ಲು 634 ಮಿಲಿಮೀಟರ್, ಫ್ರೆಟ್ಟುಗಳು ಒಂಚೂರು ಹತ್ರ, ತಂತಿ ಒಂಚೂರು ಮೆತ್ತಗೆ. ನಮ್ಮ ತಂಗಿಗೆ ನಾನು ಹೇಳಿದ್ದು ಸಣ್ಣ ಸೊಂಟದ್ದೇ. ಕೂತು ತೊಡೆ ಮೇಲಿಟ್ಟು ನೋಡಿ, ಹತ್ತು ನಿಮಿಷ ಆದ್ಮೇಲೆ ಭುಜ ಏನು ಹೇಳತ್ತೋ ಅದನ್ನ ಕೇಳಿ.

ಸ್ಪೀಕರಿಗೆ ಜೋಡಿಸೋ ಪಿಕಪ್ ಇರೋ ಸೆಮಿ ಅಕೌಸ್ಟಿಕ್ ಬೇಕಾ? ಬೇಡ. ಸ್ಟೇಜ್ ಹತ್ತೋ ದಿನ ಬಂದಾಗ ಹಾಕಿಸ್ಕೋಬೋದು, ಈಗ ಅದೇ ದುಡ್ಡು ಮರಕ್ಕೆ ಹೋಗ್ಲಿ. ಕಟ್‌ಅವೇ ಅಂತ ಒಂದು ಕಡೆ ಹೆಗಲು ಕಚ್ಚಿದಂಗೆ ಇರತ್ತಲ್ಲ, ನೋಡೋಕೆ ಚೆಂದ, ಹದಿನಾಲ್ಕನೇ ಫ್ರೆಟ್ ದಾಟಿ ಆ ಕಡೆ ಹೋಗೋರಿಗೆ ಮಾತ್ರ ಅದ್ರ ಉಪಯೋಗ. ಬೆರಳು ನೋಯತ್ತೆ ಅಂತ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ತಗೊಳ್ಳೋರಿದಾರೆ, ತಪ್ಪಲ್ಲ, ಆದ್ರೆ ಅದರ ನೆಕ್ 52 ಮಿಲಿಮೀಟರ್ ಅಗಲ, ಸದ್ದೂ ಬೇರೆ, ನಿಮ್ಮ ತಲೇಲಿರೋ ಸಿನಿಮಾ ಹಾಡಿನ ಗಿಟಾರ್ ಸದ್ದು ಅದಲ್ಲ. ತಗೊಂಡ್ರೆ ಅದಕ್ಕೆ ಸ್ಟೀಲ್ ತಂತಿ ಮಾತ್ರ ಹಾಕ್ಬೇಡಿ, ಬ್ರಿಡ್ಜ್ ಕಿತ್ಕೊಂಡು ಬರತ್ತೆ. ಸ್ಟೀಲಲ್ಲೇ ನೋವು ಕಮ್ಮಿ ಮಾಡ್ಬೇಕಾ, 12ರ ಸೆಟ್ (ಅತಿ ತೆಳು ತಂತಿಯ ದಪ್ಪ 0.012 ಇಂಚು) ತೆಗ್ಸಿ 11ರ ಸೆಟ್ ಹಾಕ್ಸಿ, ತೀರಾ ಹೊಸಬ್ರು 10 ಹಾಕ್ಸಿ, ಸದ್ದು ಸ್ವಲ್ಪ ತೆಳ್ಳಗಾಗತ್ತೆ, ಬೆರಳು ಬದುಕತ್ತೆ.

ಸರಿ, ಹೆಸ್ರು ಹೇಳು ಅಂತೀರಲ್ಲ. ರೇಟು ಆಫರ್ ಮೇಲೆ ಮೇಲೆ ಕೆಳಗೆ ಆಡ್ತಾ ಇರತ್ತೆ, ತಗೊಳ್ಳೋ ದಿನ ನೋಡ್ಕೊಳ್ಳಿ. ಹತ್ತು ಸಾವಿರದ ಆಸುಪಾಸಿನ ಕೆಳಗಿನ ಮೆಟ್ಟಿಲಲ್ಲಿ ಯಮಾಹಾ ಎಫ್280, ಎಫ್310, ಕಾರ್ಟ್ ಎಡಿ810, ಮೂರೂ ಲ್ಯಾಮಿನೇಟ್ ಟಾಪು, ಮೂರೂ ಮರ್ಯಾದಸ್ಥ ಗಿಟಾರುಗಳು. ಅದ್ರ ಮೇಲಿನ ಮೆಟ್ಟಿಲಲ್ಲಿ ಸಾಲಿಡ್ ಶುರು. ಫೆಂಡರ್ ಸಿಡಿ-60ಎಸ್ ಸಾಲಿಡ್ ಟಾಪು, ಆದ್ರೆ ಎಸ್ ಇಲ್ಲದ ಸಿಡಿ-60 ಲ್ಯಾಮಿನೇಟು, ಆ ಒಂದು ಅಕ್ಷರ ಬಿಲ್ಲಲ್ಲಿ ಸರಿಯಾಗಿ ನೋಡ್ಕೊಳ್ಳಿ. ಕಾರ್ಟ್ ಕಂಪನಿಯ ಅರ್ತ್ ಸೀರೀಸಲ್ಲಿ ಸಾಲಿಡ್ ಟಾಪ್ ಮಾಡೆಲ್ಲುಗಳಿವೆ, ರೇಟಿಗೆ ಹೋಲಿಸಿದ್ರೆ ಕೆಲ್ಸ ಅಚ್ಚುಕಟ್ಟು. ಯಮಾಹಾ ಎಫ್‌ಜಿ800 ಮತ್ತೆ ಎಫ್ಎಸ್800 ಎರಡೂ ಸಾಲಿಡ್ ಸಿಟ್ಕಾ ಸ್ಪ್ರೂಸ್, ಬಜೆಟ್ಟಿನ ಗಡಿ ಗೋಡೆ ಮೇಲೆ ಕೂತಿರತ್ತೆ, ಆಫರಲ್ಲಿ ಸಿಕ್ರೆ ನಾನಾದ್ರೆ ಬಿಡಲ್ಲ, ಅದಕ್ಕೋಸ್ಕರ ಕೇಪೋ ಬ್ಯಾಗು ಮುಂದಿನ ತಿಂಗ್ಳು ತಗೊಂಡ್ರೂ ಸರಿ, ಸೆಟಪ್ ಮಾತ್ರ ಮುಂದೂಡ್ಬೇಡಿ. ಎರಡು ಮೂರು ಸಾವಿರದ 38 ಇಂಚಿನ ಬಣ್ಣಬಣ್ಣದ ಗಿಟಾರ್ ಬರತ್ತಲ್ಲ ಡಬ್ಬದ ತುಂಬಾ ಫ್ರೀ ಸಾಮಾನು ಹಾಕಿ, ಅದನ್ನ ಗೋಡೆಗೆ ನೇತ್ಹಾಕೋದಾದ್ರೆ ತಗೊಳ್ಳಿ.

ಚೌಕಾಸಿ ಮಾಡೋವಾಗ ಐನೂರು ಬಿಡಿ ಸಾವಿರ ಬಿಡಿ ಅನ್ನೋದಕ್ಕಿಂತ "ಸೆಟಪ್ ಮಾಡಿ, ಹೊಸ ತಂತಿ ಹಾಕಿ ಕೊಡಿ ಸಾರ್, ಹೇಳಿದ ರೇಟೇ ಕೊಡ್ತೀನಿ" ಅನ್ನಿ. ಅಂಗಡಿಯವ್ರಿಗೂ ಒಪ್ಪಿಗೆ ಆಗತ್ತೆ, ನಿಮಗೂ ಲಾಭ. ಆನ್‌ಲೈನೇ ಗತಿ ಅನ್ನೋ ಊರಲ್ಲಿದ್ರೆ ರಿಟರ್ನ್ ಎಷ್ಟು ದಿನ ಅಂತ ಮೊದ್ಲೇ ನೋಡಿ, ಡಬ್ಬ ಬಿಚ್ಚೋದನ್ನ ವೀಡಿಯೋ ಮಾಡಿ, ಬಂದ ದಿನಾನೇ ಕಾರ್ಡಿನ ಪರೀಕ್ಷೆ, ಎಪ್ಪತ್ತೆರಡು ಸದ್ದಿನ ಪರೀಕ್ಷೆ ಮುಗ್ಸಿ. "ಹೋಗ್ಲಿ ಬಿಡು" ಅಂತ ಡಬ್ಬ ಬಿಸಾಕ್ಬೇಡಿ, ಡಬ್ಬ ಹೋದ್ರೆ ವಾಪಸ್ ಕಳಿಸೋದು ಕಷ್ಟ.

ಸೆಕೆಂಡ್ ಹ್ಯಾಂಡಲ್ಲಿ ಇದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ಗಿಟಾರ್ ಸಿಗತ್ತೆ. ಬೆಂಗ್ಳೂರಲ್ಲಿ ಉತ್ಸಾಹದಲ್ಲಿ ತಗೊಂಡು ಮೂರು ಕಾರ್ಡ್ ಕಲ್ತು ಬಿಟ್ಟೋರು ಬೇಕಾದಷ್ಟು ಜನ, ಅವ್ರ ಗಿಟಾರ್ ಹೊಸದಕ್ಕಿಂತ ಹೊಸದು. ಮನೆಗೇ ಹೋಗಿ ನೋಡಿ, ಎಲ್ಲಿ ಇಟ್ಟಿದ್ರು ಅಂತ ಕೇಳಿ. ಬಿಸಿಲು ಬೀಳೋ ಕಿಟಕಿ ಪಕ್ಕ, ಕಾರಿನ ಡಿಕ್ಕಿ ಅಂದ್ರೆ ಬ್ರಿಡ್ಜ್ ಎರಡೆರಡು ಸಲ ನೋಡಿ, ಶಾಖಕ್ಕೆ ಅಂಟು ಮೆತ್ತಗಾಗತ್ತೆ. ಬೆಲೆ ಹೊಸದರ ಮೂರರಲ್ಲಿ ಎರಡು ಭಾಗ ದಾಟಿದ್ರೆ ನಾನು ಹೊಸದೇ ತಗೋತೀನಿ, ವಾರಂಟಿನಾದ್ರೂ ಇರತ್ತೆ.

ಮಲ್ನಾಡು, ಕರಾವಳಿಯೋರಿಗೆ ಇನ್ನೊಂದು ಮಾತು, ಇದು ತಂಗಿಗೆ ಎರಡೆರಡು ಸಲ ಹೇಳ್ದೆ. ಸಾಲಿಡ್ ಟಾಪಿಗೆ ಮಳೆಗಾಲ ಆಗಿಬರಲ್ಲ. ಗಾಳೀಲಿ ತೇವ 45ರಿಂದ 55 ಪರ್ಸೆಂಟ್ ಇದ್ರೆ ಅದಕ್ಕೆ ಸುಖ, ನಮ್ಮೂರ ಆಷಾಢದಲ್ಲಿ ಬಟ್ಟೆನೇ ಒಣಗಲ್ಲ. ಮರ ತೇವ ಕುಡಿದು ಹೊಟ್ಟೆ ಉಬ್ಬಿಸತ್ತೆ, ಬ್ರಿಡ್ಜ್ ಮೇಲೇಳತ್ತೆ, ತಂತಿ ಎತ್ತರ ಆಗತ್ತೆ, ನಿಮ್ಮ ಕೈ ಹಾಳಾಯ್ತು ಅಂದ್ಕೋತೀರಿ. ಬ್ಯಾಗೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನ ಹಾಕಿ ಜಿಪ್ ಹಾಕಿಡಿ, ನುಡಿಸಿದ್ಮೇಲೆ ಒಣ ಬಟ್ಟೇಲಿ ತಂತಿ ಒರ್ಸಿ, ಗೋಡೆಗೆ ಆನಿಸಿ ಇಡ್ಬೇಡಿ, ಗೋಡೇನೇ ಬೆವರ್ತಿರತ್ತೆ. ಮಂಗ್ಳೂರು ಉಡುಪಿ ಕಡೆ ಉಪ್ಪು ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯತ್ತೆ, ಲೇಪನ ಇರೋ ತಂತಿಗೆ ಡಬಲ್ ರೇಟ್ ಆದ್ರೂ ಅಲ್ಲಿ ಅದೇ ಕೊನೇಗೆ ಅಗ್ಗ. ರಾಯಚೂರು ಕಲಬುರಗಿ ಬೇಸಿಗೇಲಿ ಉಲ್ಟಾ, ಮರ ಒಣಗಿ ಕುಗ್ಗಿ ಫ್ರೆಟ್ಟಿನ ತುದಿ ಆಚೆ ಬಂದು ಕೈ ಗೀರತ್ತೆ, ತೀರಾ ಒಣಗಿದ್ರೆ ಟಾಪ್ ಬಿರುಕು ಬಿಡತ್ತೆ, ಕೂಲರ್ ಎದುರು ಇಡ್ದೆ ಬ್ಯಾಗೊಳಗೆ ತೂತಿರೋ ಸೋಪ್ ಡಬ್ಬೀಲಿ ಒದ್ದೆ ಸ್ಪಂಜ್, ಚೆನ್ನಾಗಿ ಹಿಂಡಿ, ಇಡೋರಿದಾರೆ. ವರ್ಷಪೂರ್ತಿ ಇಂಥ ಹವಾಮಾನದಲ್ಲಿದ್ದು, ಇಷ್ಟು ಜೋಪಾನ ಆಗಲ್ಲ ಅನ್ಸಿದ್ರೆ ಲ್ಯಾಮಿನೇಟೇ ತಗೊಳ್ಳಿ, ನಾಚಿಕೆ ಪಡೋದೇನೂ ಇಲ್ಲ, ಅದು ಮಳೆ ಬಿಸಿಲಿಗೆ ಸುಲಭಕ್ಕೆ ಜಗ್ಗಲ್ಲ.

ತಂಗಿ ಕೊನೇಗೆ ಬೆಂಗ್ಳೂರಿಗೆ ಬಂದು ಇಡೀ ದಿನ ಸುತ್ತಿ ನಾಕು ಗಿಟಾರಿಗೆ ಕಾರ್ಡ್ ತೂರಿಸಿ ಸಣ್ಣ ಸೊಂಟದ ಒಂದು ಸಾಲಿಡ್ ಟಾಪ್ ಆರಿಸ್ಕೊಂಡ್ಲು, ಸೆಟಪ್ ಸೇರಿ ಹದಿನೆಂಟೂವರೆ ಆಯ್ತು. ರಾತ್ರಿ ಬಸ್ಸಲ್ಲಿ ಊರಿಗೆ ತಗೊಂಡ್ಹೋಗೋರು ತಂತೀನ ಒಂದೆರಡು ಸುತ್ತು ಸಡ್ಲ ಮಾಡ್ಕೊಳ್ಳಿ, ಕೆಳಗಿನ ಡಿಕ್ಕೀಲಿ ಹಾಕೋಕೆ ಬಿಡ್ಬೇಡಿ, ಆಗುಂಬೆ ಕಡೆ ತಿರುವಲ್ಲಿ ಯಾರದ್ದೋ ಅಕ್ಕಿ ಮೂಟೆ ಅದ್ರ ಮೇಲೆ ಕೂತ್ಕೊಳ್ಳತ್ತೆ. ಕಾಲ ಸಂದೀಲಿ ನಿಲ್ಸಿ ಹಿಡ್ಕೊಳ್ಳಿ, ಕಂಡಕ್ಟರ್ ಲಗೇಜ್ ಚಾರ್ಜ್ ಕೇಳಿದ್ರೆ ವಾದ ಮಾಡ್ದೆ ಕೊಟ್ಬಿಡಿ.